ಆ ಅರ್ಧ ಗಂಟೆ ಗಾಡಿಯದು

"ಹೆಣ ಹೊತ್ತ ಗಾಡೀಲಿ ರೋಗಿಗಳನ್ನ ಕೂರಿಸ್ಕೊಂಡು ಹೋಗ್ತೀಯಲ್ಲ, ನಾಚಿಕೆ ಆಗಲ್ವೇನಯ್ಯ ನಿನಗೆ?"

ಬೆಳಕು ಇನ್ನೂ ನೆಟ್ಟಗೆ ಹರಿದಿಲ್ಲ. ಬಸ್ ನಿಲ್ದಾಣದ ಹಿಂದಿನ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಡ್ರೈವರುಗಳು ಟೀ ಲೋಟ ಹಿಡಿದು ನಿಂತಿದ್ದಾರೆ. ಕೂಗಿದವನು ಹೊಸ ವ್ಯಾನಿನ ಯಜಮಾನ. ಬೆರಳಲ್ಲಿ ಕೀ ಗೊಂಚಲು ತಿರುಗಿಸುತ್ತ, ಎಲ್ಲರಿಗೂ ಕೇಳಲಿ ಎಂದೇ ಗಂಟಲು ಏರಿಸಿದ್ದಾನೆ. "ಇವರಿಗೆಲ್ಲ ಹೇಳಿದ್ದೀಯೋ ಇಲ್ವೋ? ಆವಾಗ ಮಲಗಿಸ್ಕೊಂಡು ಹೋಗ್ತಿದ್ದೆ, ಈಗ ಕೂರಿಸ್ಕೊಂಡು ಹೋಗ್ತೀಯ. ಅಷ್ಟೇ ತಾನೇ ವ್ಯತ್ಯಾಸ?"

ಯಾರೋ ಕಿಸಕ್ಕೆಂದು ನಕ್ಕರು. ನಗುವವರಿಗೇನು, ಅವರ ಮೂತ್ರಪಿಂಡ ನೆಟ್ಟಗಿದೆ.

ಬೈಗುಳ ತಿಂದವರು ಹಳೇ ಪೇಪರಿನಿಂದ ತಮ್ಮ ಉದ್ದನೆಯ ಸ್ಟೇಷನ್ ವ್ಯಾಗನ್ ಕಾರಿನ ಮುಂದಿನ ಗಾಜು ಒರೆಸುತ್ತಿದ್ದಾರೆ. ಕೈ ಒಂದು ಗಳಿಗೆ ನಿಂತಿತು. ಮತ್ತೆ ಆಡತೊಡಗಿತು. ಸ್ಟ್ಯಾಂಡಿನಲ್ಲಿ ಇವರ ಸ್ವಂತ ಹೆಸರು ಕರೆಯುವವರಿಲ್ಲ. ಹೆದ್ದಾರಿಯಲ್ಲಿ ಗಾಡಿಯನ್ನು ಎಂಬತ್ತು ಕಿಲೋಮೀಟರ್ ವೇಗಕ್ಕೆ ಕಟ್ಟಿಹಾಕಿ, ಆಕಾಶ ಕಳಚಿ ಬಿದ್ದರೂ ಎಂಬತ್ತೊಂದು ಮಾಡದ ಮನುಷ್ಯ ಎಂದು ಎಲ್ಲರೂ ಕರೆಯುವುದು ಎಂಬತ್ತಣ್ಣ. ಹೊಸಬರು ವಯಸ್ಸು ಎಂದುಕೊಳ್ಳುತ್ತಾರೆ. ವಯಸ್ಸು ಅರವತ್ತನ್ನೂ ಮುಟ್ಟಿಲ್ಲ.

ವಾರಕ್ಕೆ ಮೂರು ದಿನ ಎಂಬತ್ತಣ್ಣ ಈ ಊರಿನಿಂದ ದೂರದ ನಗರದ ಆಸ್ಪತ್ರೆಗೆ ಮೂವರನ್ನು ಡಯಾಲಿಸಿಸ್‌ಗೆ ಕರೆದೊಯ್ಯುತ್ತಾರೆ, ಯಂತ್ರ ರಕ್ತ ತೊಳೆದು ಮುಗಿಸುವ ತನಕ ಕಾಯುತ್ತಾರೆ, ವಾಪಸು ಮನೆಬಾಗಿಲಿಗೆ ಇಳಿಸುತ್ತಾರೆ. ಒಬ್ಬರು ಬಟ್ಟೆ ಹೊಲಿಯುವ ಟೈಲರ್ ಅಕ್ಕ. ಇನ್ನೊಬ್ಬರು ಗಡಿಯಾರ ರಿಪೇರಿ ಮಾಡಿ ಕಣ್ಣು ಸವೆಸಿಕೊಂಡ ವಾಚ್ ತಾತ. ಮೂರನೆಯವನು ಪೇಂಟರ್, ಮೂವತ್ತು ತುಂಬಿಲ್ಲ, ಆಗಲೇ ಏಣಿ ಹತ್ತುವುದನ್ನು ಬಿಟ್ಟಿದ್ದಾನೆ. ಮೂವರೂ ಹಂಚಿಕೊಂಡು ಕೊಡುವುದರಲ್ಲಿ ಪೆಟ್ರೋಲ್ ಹೋಗಿ ಒಂದು ಮನೆ ನಡೆಯುತ್ತದೆ. ಒಬ್ಬರು ಕಳಚಿಕೊಂಡರೂ ಈ ಗಾಡಿ ಶೆಡ್ಡಿನಿಂದ ಹೊರಗೆ ಬರುವುದಿಲ್ಲ. ಯಜಮಾನನಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು. ಅದಕ್ಕೇ ಅವನು ಮೂವರೂ ಬಂದು ನಿಂತ ಮೇಲೆಯೇ ಬಾಯಿ ತೆರೆದದ್ದು.

ಏಟು ಬೀಳಬೇಕಾದಲ್ಲೇ ಬಿತ್ತು. ಪೇಂಟರನ ತಾಯಿ ಮಗನ ರಟ್ಟೆ ಹಿಡಿದರು. "ಬೇಡ ಕಣೋ. ಕೇಳಿದ ಮೇಲೆ ಅದರಲ್ಲಿ ನಿನ್ನ ಕೂರಿಸೋಕೆ ನನ್ನ ಕೈಲಾಗಲ್ಲ. ವ್ಯಾನಲ್ಲಿ ಹೋಗು."

"ಅಮ್ಮಾ, ಇಷ್ಟು ದಿನ ಅದರಲ್ಲೇ ಹೋಗಿಲ್ವಾ?"

"ಗೊತ್ತಿರಲಿಲ್ಲ, ಹೋದೆ. ಈಗ ಗೊತ್ತಾಯ್ತಲ್ಲ!"

ಪೇಂಟರ್ ಎಂಬತ್ತಣ್ಣನ ಮುಖ ನೋಡಲಾರದೆ ವ್ಯಾನಿನತ್ತ ಹೆಜ್ಜೆ ಹಾಕಿದ. ಎಂಬತ್ತಣ್ಣ ಹಿಂದಿನ ಸೀಟಿನಲ್ಲಿ ಮಡಚಿಟ್ಟಿದ್ದ ಅವನ ಹೊದಿಕೆ ತೆಗೆದು ಅವನ ಕೈಗಿಟ್ಟರು. "ಹೊದ್ಕೊಳಪ್ಪ. ಅದರಲ್ಲಿ ಎಸಿ ಜೋರು ಹಾಕ್ತಾರೆ."

ಯಜಮಾನನ ಕಡೆ ತಿರುಗಲೂ ಇಲ್ಲ. ಉಳಿದಿಬ್ಬರಿಗೆ ಬಾಗಿಲು ತೆರೆದು, ಬೆಲ್ಟು ಬಿಗಿಯಾಗಿದೆಯೇ ಎಂದು ಎಳೆದು ನೋಡಿ, ಕೀ ತಿರುಗಿಸಿದರು. ಫ್ಯಾನ್ ಬೆಲ್ಟು ಕಿರ್ರೆಂದಿತು, ಇಂಜಿನ್ನು ಕೆಮ್ಮಿತು, ಹಿಡಿಯಿತು.

ಅದೇ ಆಸ್ಪತ್ರೆಗೆ ಹೋಗುವ ವ್ಯಾನು ಇನ್ನೂ ಜನ ತುಂಬಿಸಿಕೊಳ್ಳುತ್ತ ಅಲ್ಲೇ ನಿಂತಿದೆ. ಎಂಬತ್ತಣ್ಣ ದಿನವೂ ಅದಕ್ಕಿಂತ ಅರ್ಧ ಗಂಟೆ ಮೊದಲು ಹೊರಡುತ್ತಾರೆ. ಯಾಕೆ ಎಂದರೆ, "ಹಳೇ ಗಾಡಿ ಅಂದ್ರೆ ವಯಸ್ಸಾದ ಅತ್ತೆ ಇದ್ದ ಹಾಗೆ" ಎನ್ನುತ್ತಾರೆ. "ಯಾವಾಗ ಮುನಿಸ್ಕೊಳ್ತಾಳೆ ಹೇಳೋಕಾಗಲ್ಲ. ಅವಳ ಮುನಿಸಿಗೆ ಅಂತ ಒಂದರ್ಧ ಗಂಟೆ ಎತ್ತಿಟ್ಟಿರಬೇಕು. ಆ ಅರ್ಧ ಗಂಟೆ ಗಾಡೀದು, ನಂದಲ್ಲ. ಅದರಲ್ಲಿ ನಾನು ಟೀ ಕುಡಿಯಲ್ಲ, ಹರಟೆ ಹೊಡೆಯಲ್ಲ." ಗಾಡಿ ಮುನಿಸಿಕೊಳ್ಳದ ದಿನ ಆಸ್ಪತ್ರೆಯ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತಿರುತ್ತಾರೆ. ಅದಕ್ಕೂ ಸ್ಟ್ಯಾಂಡಿನಲ್ಲಿ ನಗುತ್ತಾರೆ.

ಈ ಅತ್ತೆಯ ಕಾಯಿಲೆಗಳಂತೂ ಒಂದೆರಡಲ್ಲ. ಹಿಂಬಾಗಿಲನ್ನು ಎತ್ತಿ ಹಿಡಿಯಬೇಕಾದ ಎರಡು ಗ್ಯಾಸ್ ಕೊಳವೆಗಳು ಸತ್ತಿವೆ; ಬಾಗಿಲೆತ್ತಿದರೆ ಒಂದು ಮರದ ಕೋಲು ಊರಬೇಕು, ಇಲ್ಲವಾದರೆ ನೆತ್ತಿಯ ಮೇಲೆ ಬೀಳುತ್ತದೆ. ಅದೇ ಬಾಗಿಲಿನ ಸಂದಿಯಲ್ಲಿ ಹಾದುಹೋಗುವ ವೈರುಗಳು ತೆಗೆದು ಮುಚ್ಚಿ ತೆಗೆದು ಮುಚ್ಚಿ ಒಳಗೇ ಮುರಿಯುತ್ತವೆ, ಹಿಂದಿನ ವೈಪರ್ ನಿಲ್ಲುತ್ತದೆ, ನಂಬರ್ ಪ್ಲೇಟಿನ ದೀಪ ಆರುತ್ತದೆ. ಸ್ಟೆಪ್ನಿ ಇಡುವ ಗುಂಡಿಯಲ್ಲಿ ನೀರು ನಿಂತು ತುಕ್ಕು ತಿನ್ನುತ್ತದೆ. ಎಂಬತ್ತಣ್ಣ ಇದನ್ನೆಲ್ಲ ಹೇಳುವುದು ದೂರಿನ ದನಿಯಲ್ಲಲ್ಲ. ಮನೆಯ ಹಿರಿಯರ ಬಿಪಿ, ಶುಗರ್ ಹೇಳುವವರ ಹಾಗೆ.

ಊರು ದಾಟಿ ಹೆದ್ದಾರಿ ಸಿಕ್ಕಿತು. ವೇಗ ಎಂಬತ್ತಕ್ಕೆ ಬರುತ್ತಿದ್ದಂತೆ ಎಂಬತ್ತಣ್ಣ ಸ್ಟಿಯರಿಂಗಿನ ಮೇಲಿನ ಗುಂಡಿ ಒತ್ತಿದರು. ಅದು ಕ್ರೂಸ್ ಕಂಟ್ರೋಲ್. ಒತ್ತಿದರೆ ಮುಂದಿನ ಫಲಕದಲ್ಲಿ ಹಸಿರು ದೀಪ ಹತ್ತುತ್ತದೆ, ಗಾಡಿ ತಾನೇ ಆ ವೇಗವನ್ನು ಹಿಡಿದುಕೊಳ್ಳುತ್ತದೆ, ಆಕ್ಸಿಲರೇಟರ್ ತುಳಿಯುವ ಕೆಲಸವಿಲ್ಲ. ಬ್ರೇಕಿಗೆ ಕಾಲು ತಾಗಿದ ಕೂಡಲೇ ಬಿಟ್ಟುಕೊಡುತ್ತದೆ.

ಇಂದು ಹಸಿರು ಹತ್ತಲಿಲ್ಲ. ಮತ್ತೆ ಒತ್ತಿದರು. ಇಲ್ಲ.

ಕ್ರೂಸ್ ಇಲ್ಲದಿದ್ದರೇನಂತೆ, ಕಾಲಿದೆಯಲ್ಲ, ತುಳಿದುಕೊಂಡು ಹೋಗಬಹುದಿತ್ತು. ಬೇರೆ ಯಾರಾದರೂ ಹಾಗೇ ಹೋಗುತ್ತಿದ್ದರು. ಇವರು ಇಂಡಿಕೇಟರ್ ಹಾಕಿ, ಲಾರಿಗಳು ತಂಗುವ ಅಗಲ ಜಾಗದಲ್ಲಿ ಗಾಡಿಯನ್ನು ಬದಿಗೆ ತಂದು ನಿಲ್ಲಿಸಿದರು.

"ಇವತ್ತೇ ನಿಲ್ಲಿಸಬೇಕೇನೋ ಮಗಾ?" ವಾಚ್ ತಾತ ಗೊಣಗಿದರು. "ಹಿಂದೆ ಆ ವ್ಯಾನಿನವನು ಬರ್ತಿದ್ದಾನೆ. ನೋಡಿದ್ರೆ ಹಲ್ಲು ಕಿಸೀತಾನೆ."

"ಕಿಸೀಲಿ ತಾತ. ನೀವು ಸ್ವಲ್ಪ ಇಳಿದು ಹಿಂದಿನ ಕೆಂಪು ದೀಪ ನೋಡಿ. ನಾನು ಬ್ರೇಕ್ ತುಳೀತಿಲ್ಲ ಈಗ."

ತಾತ ಕೋಲೂರಿ ಹಿಂದೆ ಹೋಗಿ ಬಗ್ಗಿ ನೋಡಿದರು. "ತುಳೀತಿಲ್ಲ ಅಂತೀಯ, ಎರಡೂ ಕೆಂಡದ ಹಾಗೆ ಉರೀತಿವೆಯಲ್ಲೋ!"

"ಅದೇ ನೋಡಿ. ನಾನು ತುಳಿದಿಲ್ಲ, ಗಾಡಿ ಮಾತ್ರ ತುಳಿದಿದ್ದಾನೆ ಅಂದ್ಕೊಂಡಿದೆ. ಅದಕ್ಕೇ ಕ್ರೂಸ್ ಹಿಡೀತಿಲ್ಲ. ಹಿಂದೆ ಬರೋ ಲಾರಿಯವನಿಗೆ ನಾನು ನಿಜವಾಗ್ಲೂ ಬ್ರೇಕ್ ಹಾಕಿದ್ದು ಯಾವಾಗ ಅಂತ ಹೇಗೆ ಗೊತ್ತಾಗ್ಬೇಕು? ಬಂದು ಹೊಡೀತಾನೆ."

ಅಂಗಾತ ಮಲಗಿ ತಲೆಯನ್ನು ಪೆಡಲ್‌ಗಳ ಕೆಳಗೆ ತೂರಿಸಿದರು. ಟಾರ್ಚು ಹಲ್ಲಿನಲ್ಲಿ. ಬ್ರೇಕ್ ಪೆಡಲ್ಲಿನ ತೋಳಿಗೆ ಒಂದು ತೂತು ಇರುತ್ತದೆ, ಆ ತೂತಿನಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಬಿರಡೆ. ಕಾಲು ತೆಗೆದಾಗ ಆ ಬಿರಡೆ ಮೇಲಿನ ಸ್ವಿಚ್ಚಿನ ಮೂತಿಯನ್ನು ಒತ್ತಿ ಹಿಡಿದು ದೀಪ ಆರಿಸುತ್ತದೆ. ವರ್ಷಗಳ ಬಿಸಿಗೆ ಅದು ಒಣಗಿದ ರೊಟ್ಟಿಯಂತೆ ಪುಡಿಪುಡಿಯಾಗಿ ಕಾಲಡಿಯ ಚಾಪೆಯ ಮೇಲೆ ಉದುರಿದೆ. ಸ್ವಿಚ್ಚಿನ ಮೂತಿ ತೂತಿನೊಳಗೆ ನುಗ್ಗಿಕೊಂಡಿದೆ. ಹಳೆಯ ಗಾಡಿಗಳಲ್ಲಿ ಇದು ಮಾಮೂಲು ಎಂದು ಟಾರ್ಚು ಕಚ್ಚಿಕೊಂಡೇ ಹೇಳಿದರು. ಬೆಲ್ಟಿದೆ, ಹೋಸಿದೆ, ಫ್ಯೂಸಿದೆ, ಬಲ್ಬಿದೆ, ಎಲ್ಲ ಬಿಡಿಭಾಗಗಳ ಡಬ್ಬದಲ್ಲಿದೆ. ಈ ಚಿಕ್ಕ ಬಿರಡೆ ಮಾತ್ರ ಇಲ್ಲ.

"ಎಷ್ಟಗಲ ತೂತು?" ಟೈಲರ್ ಅಕ್ಕ ಸೀಟಿನಿಂದಲೇ ಬಗ್ಗಿ ಕೇಳಿದರು.

"ಕಿರುಬೆರಳಿನ ಉಗುರಷ್ಟು ಅಕ್ಕ."

ಅಕ್ಕ ಕೈಚೀಲ ತಡಕಿದರು. ಡಯಾಲಿಸಿಸ್ ಮುಗಿಯುವ ತನಕ ಒಂದು ಕೈ ಅಲ್ಲಾಡಿಸುವಂತಿಲ್ಲ, ಆದರೂ ಹೊಲಿಗೆಯ ಡಬ್ಬಿಯಿಲ್ಲದೆ ಅವರು ಮನೆ ಬಿಡುವವರಲ್ಲ. ಹಿಂದೆ ಕುತ್ತಿಗೆ ಇರುವ ದಪ್ಪನೆಯ ಕೋಟಿನ ಗುಂಡಿಯೊಂದು ಹೊರಬಂತು. "ಇದರ ಕುತ್ತಿಗೆ ತೂತಿನೊಳಗೆ ಇಳೀತದೇನೋ ನೋಡು. ಇಳಿದ್ರೆ ಹಿಂದಿನಿಂದ ದಾರ ಹಾಕಿ ಕಟ್ಟು. ಕೋಟಿನದು, ಎಳೆದಾಡಿದ್ರೂ ಬರಲ್ಲ."

ಇಳಿಯಿತು. ಅಕ್ಕ ಮೇಣ ಹಚ್ಚಿದ ದಾರವನ್ನು ಜೋಡಿಸಿ ಕೊಟ್ಟರು, ಮೇಲಿನಿಂದಲೇ ಹೇಳಿದರು: ಮೂರು ಸುತ್ತು, ಆಮೇಲೆ ಗಂಟು, ಗಂಟಿನ ಮೇಲೆ ಇನ್ನೊಂದು ಗಂಟು. "ಅಯ್ಯೋ, ಹಾಗಲ್ಲ! ಎಡಗೈ ಅಡಿಯಿಂದ ತಗೋ. ನನ್ನ ಹತ್ತಿರ ಕಲಿಯೋಕೆ ಬಂದಿದ್ರೆ ಮೊದಲನೇ ದಿನವೇ ಮನೆಗೆ ಕಳಿಸ್ತಿದ್ದೆ ನಿನ್ನ."

ಅವರು ಹೀಗೆ ಗದರುತ್ತಿದ್ದಾಗಲೇ ಹೊಸ ವ್ಯಾನು ಹೆದ್ದಾರಿಯಲ್ಲಿ ಬಂತು. ವೇಗ ತಗ್ಗಿಸಲಿಲ್ಲ. ಉದ್ದಕ್ಕೆ ಹಾರ್ನು ಒತ್ತಿಕೊಂಡೇ ಹಾದುಹೋಯಿತು. ಹಿಂದಿನ ಕಿಟಕಿಯ ಗಾಜಿಗೆ ಪೇಂಟರನ ಅಂಗೈ ಒತ್ತಿಕೊಂಡಿದ್ದು ಕಂಡಿತು. ಆಮೇಲೆ ಧೂಳು.

ಧೂಳು ಇಳಿದ ಮೇಲೆ ಅಕ್ಕ ಕೇಳಿದರು. "ಅವನು ಬೆಳಿಗ್ಗೆ ಬೊಗಳಿದ್ನಲ್ಲ. ಅದು ನಿಜಾನಾ?"

ಎಂಬತ್ತಣ್ಣ ಡ್ಯಾಶ್‌ಬೋರ್ಡಿನ ಕೆಳಗೆ ಕೊನೆಯ ಗಂಟು ಎಳೆದು ಬಿಗಿದರು. "ನಿಜ ಅಕ್ಕ. ಸುಮಾರು ವರ್ಷ ಅದೇ ಕೆಲಸ ಮಾಡಿದ ಗಾಡಿ. ಓಡಿಸ್ತಿದ್ದವನೂ ನಾನೇ."

"ಯಾಕೆ ಹೇಳಲಿಲ್ಲ?"

"ಯಾರೂ ಕೇಳಲಿಲ್ಲ." ಎದ್ದು ಕೂತರು, ಅಂಗೈಯ ಗ್ರೀಸು ಒರೆಸಿಕೊಂಡರು. "ಕೇಳದಿದ್ರೆ ಒಳ್ಳೇದು ಅಂತಾನೂ ಇತ್ತು, ಸುಳ್ಳು ಯಾಕೆ ಹೇಳಲಿ. ನಿಮಗೆ ಬೇಡ ಅನ್ನಿಸಿದ್ರೆ ಇವತ್ತು ಆಸ್ಪತ್ರೆಗೆ ಮುಟ್ಟಿಸ್ತೀನಿ, ನಾಳಿದ್ದಿನಿಂದ ಬೇರೆ ನೋಡ್ಕೊಳ್ಳಿ. ಬೇಜಾರು ಮಾಡ್ಕೊಳಲ್ಲ."

"ನನಗೆ ಮೊದಲನೇ ದಿನಾನೇ ಗೊತ್ತಿತ್ತು ಕಣೋ" ಎಂದರು ವಾಚ್ ತಾತ. "ಹಿಂದೆ ಸಾಮಾನಿಡೋ ಜಾಗದಲ್ಲಿ ರೈಲು ಕಂಬಿ ಹಾಗೆ ಎರಡು ಪಟ್ಟಿ ಇವೆಯಲ್ಲ, ಅದು ತರಕಾರಿ ಬುಟ್ಟಿ ಜಾರಿಸೋಕೆ ಮಾಡಿದ್ದಾ? ನನ್ನ ಕೋಲು ಅವುಗಳ ಮಧ್ಯ ಇಡ್ತೀನಿ. ಒಂದು ಸಲಾನೂ ಉರುಳಿಲ್ಲ. ಅನುಕೂಲವಾಗಿದೆ."

ಟೈಲರ್ ಅಕ್ಕ ನಗಲಿಲ್ಲ. ಸೂಜಿಯನ್ನು ಡಬ್ಬಿಗೆ ಸೇರಿಸಿ, ಡಬ್ಬಿಯನ್ನು ಚೀಲಕ್ಕೆ ಸೇರಿಸಿ, ತಮ್ಮ ಸೀಟಿನಲ್ಲಿ ಕೂತು ಬೆಲ್ಟು ಎಳೆದುಕೊಂಡರು. "ಸತ್ತೋರನ್ನೇ ಅಲುಗಾಡಿಸದೆ ಕರ್ಕೊಂಡು ಹೋದ ಗಾಡಿ" ಎಂದರು. "ಬದುಕಿರೋರನ್ನ ಬೀಳಿಸತ್ತಾ? ನಡಿ, ಹೊತ್ತಾಯ್ತು."

ಹಿಂದಿನ ದೀಪ ಆರಿತ್ತು. ಎಂಬತ್ತಕ್ಕೆ ಬಂದ ಮೇಲೆ ಗುಂಡಿ ಒತ್ತಿದರು, ಹಸಿರು ಹತ್ತಿತು. ಊರಿಗೆ ಮರಳಿದ ಮೇಲೆ ಅಂಗಡಿಯಿಂದ ಸರಿಯಾದ ಬಿರಡೆ ತಂದು ಹಾಕುತ್ತೇನೆ, ಇದು ಬರೀ ಇವತ್ತಿನ ಮಟ್ಟಿಗೆ ಎಂದು ತಾವಾಗಿಯೇ ಹೇಳಿದರು.

ಡಯಾಲಿಸಿಸ್ ಮಾಡಿಸಿಕೊಂಡವರಿಗೆ ವಾಪಸು ದಾರಿ ನರಕ. ಮೈಯ ಶಕ್ತಿಯನ್ನೆಲ್ಲ ಹಿಂಡಿ ತೆಗೆದಂತಾಗಿರುತ್ತದೆ, ಬಿಪಿ ಇಳಿದಿರುತ್ತದೆ. ಬಸ್ಸಿನವನು ಒಮ್ಮೆ ಒದ್ದು ಓಡಿಸಿ, ಒಮ್ಮೆ ಎಳೆದು ನಿಲ್ಲಿಸಿದರೆ ಹೊಟ್ಟೆ ಬಾಯಿಗೆ ಬರುತ್ತದೆ. ವಾಚ್ ತಾತ ಎಂಬತ್ತಣ್ಣನ ಪಕ್ಕದ ಮನೆಯವರು. ಬಸ್ಸಿನಲ್ಲಿ ಹೋಗಿಬಂದು ಮನೆಯ ಮೆಟ್ಟಿಲ ಮೇಲೆಯೇ ವಾಂತಿ ಮಾಡಿಕೊಂಡು ಕೂರುತ್ತಿದ್ದವರನ್ನು ಎಂಬತ್ತಣ್ಣ ಒಂದು ದಿನ ತಮ್ಮ ಗಾಡಿಯಲ್ಲಿ ಕರೆದೊಯ್ದರು. ಬರುವಾಗ ತಾತ ದಾರಿಯುದ್ದಕ್ಕೂ ಗೊರಕೆ ಹೊಡೆದರು. ಈ ಕೆಲಸ ಶುರುವಾದದ್ದು ಆ ಗೊರಕೆಯಿಂದ.

ಅದಕ್ಕೂ ಹಿಂದಿನ ಕತೆಯನ್ನು ಎಂಬತ್ತಣ್ಣ ಇವತ್ತು ಮೊದಲ ಸಲ ಗಾಡಿಯಲ್ಲಿ ಬಾಯಿಬಿಟ್ಟು ಹೇಳಿದರು. ಶವ ಸಾಗಿಸುವ ಕಂಪನಿಯಲ್ಲಿ ಇವರು ದೂರದೂರದ ಊರುಗಳಿಗೆ ಓಡಿಸುತ್ತಿದ್ದರು. "ಪಕ್ಕದಲ್ಲಿ ಮನೆಯವರು ಕೂತಿರ್ತಾರೆ. ಒಂದು ಸಲ ಕುಲುಕಿದ್ರೆ ಸಾಕು, ಅಯ್ಯೋ ನಿಧಾನ, ನಮ್ಮಪ್ಪನಿಗೆ ನೋವಾಗತ್ತೆ ಅಂತಿದ್ರು. ಸತ್ತೋರಿಗೆ ನೋವಾಗಲ್ಲ ಅಂತ ನನಗೂ ಗೊತ್ತು, ಅವರಿಗೂ ಗೊತ್ತು. ಅವರಿಗೆ ಆಗತ್ತಲ್ಲ. ಸ್ಟಿಯರಿಂಗ್ ಮೇಲೆ ಯಾರೂ ಮುಟ್ಟದ ಒಂದು ಗುಂಡಿ ಇತ್ತು. ಖಾಲಿ ಗಾಡಿ ತರ್ತಿದ್ದಾಗ ಒಂದು ದಿನ ಒತ್ತಿ ನೋಡಿದೆ. ಕಾಲು ತೆಗೆದರೂ ಗಾಡಿ ಓಡ್ತಾ ಇದೆ! ಹೆದರಿ ಎರಡೂ ಕಾಲಲ್ಲಿ ಬ್ರೇಕ್ ಮೇಲೆ ನಿಂತ್ಬಿಟ್ಟೆ. ಯಾರೋ ಹಿಂದಿನಿಂದ ತಳ್ಳುತ್ತಿದ್ದಾರೆ ಅಂತಾನೇ ನಂಬಿದ್ದೆ. ನನ್ನ ಗಾಡೀಲಿ ಅಂಥವರು ಬಹಳ ಜನ ಹೋಗಿದ್ರಲ್ಲ."

ಈಗ ಅಕ್ಕ ನಕ್ಕರು. ತಾತನಂತೂ ಕೆಮ್ಮು ಬರುವ ತನಕ ನಕ್ಕರು.

ಕಂಪನಿ ಮುಚ್ಚಿತು. ಗಾಡಿಯನ್ನು ಮಾರಾಟಕ್ಕಿಟ್ಟರೆ ಯಾರೂ ಹತ್ತಿರ ಸುಳಿಯಲಿಲ್ಲ, ಗುಜರಿಯವನೂ ಮೂಗು ಮುರಿದ. ಎಂಬತ್ತಣ್ಣ ಅದನ್ನು ಮನೆಗೆ ತಂದಾಗ ಹೆಂಡತಿ ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ಬಕೆಟ್ಟು ತಂದು ತಾವೇ ಒಳಗೆಲ್ಲ ಉಜ್ಜಿದರು, ಸೀಟಿಗೆ ಕವರು ಹೊಲಿಸಿದರು. ಅವರ ಮನೆ ಎರಡೇ ಕೋಣೆ. ಅಡುಗೆ ಕಟ್ಟೆಯ ಕೆಳಗೆ ಈರುಳ್ಳಿ ಬುಟ್ಟಿಯ ಪಕ್ಕದಲ್ಲಿ ಹಳೆಯ ರೇಡಿಯೇಟರ್ ಒಂದಿದೆ. "ಇವರು ಮನೇಲೂ ಎಂಬತ್ತೇ" ಎಂದು ಆಕೆ ಮನೆಗೆ ಬಂದವರ ಮುಂದೆ ದೂರುತ್ತಾರೆ. "ಒಲೆ ಮೇಲೆ ಹಾಲು ಉಕ್ಕಿದ್ರೂ ಎದ್ದು ಬರೋದು ಅದೇ ವೇಗದಲ್ಲಿ. ಆದ್ರೆ ಒಂದು ಮಾತು, ಇಷ್ಟು ವರ್ಷದಲ್ಲಿ ಯಾರನ್ನೂ ದಾರೀಲಿ ಬಿಟ್ಟು ಬಂದಿಲ್ಲ." ದೂರಿನ ಮೊದಲರ್ಧ ಗಂಡನಿಗೆ, ಉಳಿದರ್ಧ ಕೇಳುವವರಿಗೆ.

ಕ್ರೂಸ್ ಎಂದರೆ ಸೋಮಾರಿಗಳ ಗುಂಡಿ ಎನ್ನುವವರಿದ್ದಾರೆ. ಅಂಥವರು ಎಂಬತ್ತಣ್ಣನ ಪಕ್ಕದಲ್ಲಿ ಒಂದು ದಿನ ಕೂರಬೇಕು. ಗುಂಡಿ ಒತ್ತಿದ ಮೇಲೂ ಬಲಗಾಲು ಬ್ರೇಕಿನ ಎದುರಿಗೇ ಕಾದಿರುತ್ತದೆ. "ಕಾಲಿಗೆ ರಜೆ, ಕಣ್ಣಿಗೆ ದುಪ್ಪಟ್ಟು ಕೆಲಸ" ಎನ್ನುತ್ತಾರೆ. ಮಳೆ ಬಿದ್ದರೆ ಹಾಕುವುದಿಲ್ಲ, ಚಕ್ರ ಜಾರಿದರೂ ಅದು ವೇಗ ಬಿಡದೆ ಎಳೆಯುತ್ತದೆ. ತಿರುವಿನಲ್ಲಿ ಹಾಕುವುದಿಲ್ಲ. ಟ್ರಾಫಿಕ್ಕಿನಲ್ಲಿ ಹಾಕುವುದಿಲ್ಲ. ಏರು ಬರುವ ಮೊದಲೇ ತೆಗೆದುಬಿಡುತ್ತಾರೆ. ಇಲ್ಲದಿದ್ದರೆ ಮುದಿ ಇಂಜಿನ್ನು ಎಂಬತ್ತು ಉಳಿಸಿಕೊಳ್ಳಲು ಗೇರು ಇಳಿಸಿ ಗರ್ಜಿಸುತ್ತದೆ, ಹಿಂದೆ ಮಲಗಿದವರು ಬೆಚ್ಚಿ ಏಳುತ್ತಾರೆ. ತಮಗೆ ತೂಕಡಿಕೆ ಬಂತೋ, ಅವತ್ತು ಗುಂಡಿಯೂ ಬೇಡ, ಗಾಡಿಯೂ ಬೇಡ, ಬದಿಗೆ ನಿಲ್ಲಿಸಿ ಮುಖ ತೊಳೆಯುತ್ತಾರೆ.

"ಕನ್ನಡೀಲಿ ಹಿಂದೆ ನೋಡ್ತೀನಿ. ಮೂರು ತಲೇನೂ ಒರಗಿದ್ರೆ ನಾನು ಸರಿಯಾಗಿ ಓಡಿಸ್ತಿದ್ದೀನಿ ಅಂತ ಅರ್ಥ" ಎಂದವರು ಕನ್ನಡಿ ನೋಡಿದರು. ಇವತ್ತು ಎರಡೇ ತಲೆ.

ಪತ್ರಿಕೆಗಳಲ್ಲಿ ವಾರವಾರವೂ ಹೊಸ ಕಾರುಗಳ ಫೋಟೊ ಬರುತ್ತದೆ. ಒಳಗೆಷ್ಟು ಟಿವಿ, ಎಷ್ಟು ಸೆಕೆಂಡಿನಲ್ಲಿ ನೂರು ಮುಟ್ಟುತ್ತದೆ ಎಂದೆಲ್ಲ ಬರೆದು ಬಾಯಿ ಚಪ್ಪರಿಸುತ್ತಾರೆ. ಆ ವೇಗದಲ್ಲಿ ಹೋಗಿ ಇವರಿಗೆಲ್ಲ ಆಗಬೇಕಾದ್ದೇನು? ಸುಸ್ತಾದ ಮನುಷ್ಯನನ್ನು ಅವನ ನಿದ್ದೆ ಕೆಡದ ಹಾಗೆ ಮನೆ ಮುಟ್ಟಿಸುವುದಕ್ಕೆ ಯಾವ ಪತ್ರಿಕೆಯೂ ಸ್ಟಾರ್ ಕೊಡುವುದಿಲ್ಲ.

ಆಸ್ಪತ್ರೆ ತಲುಪಿದಾಗ ಯಂತ್ರದ ಪಾಳಿಗೆ ಇನ್ನೂ ಹೊತ್ತಿತ್ತು. ಗಾಡಿ ತನ್ನ ಅರ್ಧ ಗಂಟೆಯನ್ನಷ್ಟೇ ತಿಂದಿತ್ತು, ರೋಗಿಗಳದ್ದನ್ನು ಮುಟ್ಟಿರಲಿಲ್ಲ.

ಮಧ್ಯಾಹ್ನದ ಬಿಸಿಲು ಗೇಟಿನ ಗೋಡೆಯ ನೆರಳನ್ನು ಉದ್ದ ಮಾಡುವ ಹೊತ್ತಿಗೆ ಒಬ್ಬೊಬ್ಬರೇ ಹೊರಬಂದರು. ಮೊದಲು ವಾಚ್ ತಾತ ಬಂದು ತಮ್ಮ ಸೀಟು ಸೇರಿದರು. ಆಮೇಲೆ ಪೇಂಟರ್, ತೋಳಿಗೆ ಬಿಳಿ ಪಟ್ಟಿ, ಮುಖದಲ್ಲಿ ರಕ್ತವೇ ಇಲ್ಲ. ಗೇಟಿನ ಈ ಬದಿಗೆ ವ್ಯಾಗನ್, ಆ ಬದಿಗೆ ವ್ಯಾನು. ವ್ಯಾನಿನ ಯಜಮಾನ ಬಾಗಿಲು ತೆರೆದೇ ಕಾದಿದ್ದ. "ಬಾ ಬಾ, ಬೇಗ ಹತ್ತು. ಇನ್ನೂ ನಾಲ್ಕು ಕಡೆ ಇಳಿಸ್ಬೇಕು."

ಎಂಬತ್ತಣ್ಣ ಪೇಂಟರನನ್ನು ಕರೆಯಲಿಲ್ಲ. ಕರೆಯುವುದು ಹಾಗಿರಲಿ, ಅವನು ಮುಜುಗರಪಡಬಾರದೆಂದು ಮುಖವನ್ನೇ ಬೇರೆ ಕಡೆ ತಿರುಗಿಸಿ, ಟೈರಿನ ಗಾಳಿ ನೋಡುವವರಂತೆ ಕುಕ್ಕರಗಾಲಲ್ಲಿ ಕೂತರು. ಇವನು ಅತ್ತ ಹೋದರೆ ನಾಳಿದ್ದು ಈ ಟೈರು ಉರುಳುವುದಿಲ್ಲ.

ಪೇಂಟರ್ ವ್ಯಾನಿನ ಬಾಗಿಲ ತನಕ ಹೋದ. ಹತ್ತಲಿಲ್ಲ.

"ಬೆಳಿಗ್ಗೆ ನಿಲ್ಸಿ ಅಂದೆ ನಾನು" ಎಂದ. ದನಿ ಸಣ್ಣದು, ಆದರೆ ಸುತ್ತ ನಿಂತವರಿಗೆಲ್ಲ ಕೇಳಿಸಿತು. "ಅವರ ಗಾಡಿ ಕೆಟ್ಟು ನಿಂತಿದೆ, ಒಳಗೆ ರೋಗಿಗಳಿದ್ದಾರೆ, ಒಂದು ನಿಮಿಷ ನಿಲ್ಸಿ ಅಂತ ಗಾಜು ಬಡಿದೆ. ನೀವು ಹಾರ್ನ್ ಹೊಡ್ಕೊಂಡು ಹೋದ್ರಿ."

"ಅದಕ್ಕೇನೀಗ? ನಿನ್ನನ್ನ ಟೈಮಿಗೆ ಮುಟ್ಟಿಸಿದ್ನೋ ಇಲ್ವೋ?"

"ಮುಟ್ಟಿಸಿದ್ರಿ. ನಾಳೆ ದಾರೀಲಿ ನಾನೇ ಬಿದ್ರೆ?" ಉತ್ತರಕ್ಕೆ ಕಾಯಲಿಲ್ಲ. ಗೋಡೆ ಹಿಡಿದುಕೊಂಡೇ ಇತ್ತ ದಾಟಿದ. "ಅಮ್ಮನಿಗೆ ನಾನು ಹೇಳ್ಕೊಳ್ತೀನಿ ಅಣ್ಣ" ಎಂದು ವ್ಯಾಗನ್ನಿನ ಬಾಗಿಲು ತೆಗೆದು ತನ್ನ ಜಾಗದಲ್ಲಿ ಕುಸಿದು ಕೂತ.

ಎಂಬತ್ತಣ್ಣ ಎದ್ದು ನಿಂತರು. ಮಂಡಿಯ ಧೂಳು ಕೊಡವಿಕೊಂಡರು.

ಯಜಮಾನನಿಗೆ ಮೈಯೆಲ್ಲ ಉರಿ. ದಾಪುಗಾಲು ಹಾಕಿ ಬಂದು ಎದೆಗೆ ಎದೆ ಕೊಟ್ಟು ನಿಂತ. ಕಾವಲುಗಾರ, ಹಣ್ಣಿನ ಗಾಡಿಯವನು, ರೋಗಿಗಳ ಕಡೆಯವರು ಎಲ್ಲ ನೋಡುತ್ತಿದ್ದಾರೆ. "ಏನು ಮಂಕುಬೂದಿ ಎರಚಿದ್ದೀಯ ಇವರಿಗೆಲ್ಲ? ಹೇಳು! ಎಸಿ ಇಲ್ಲ, ಟಿವಿ ಇಲ್ಲ, ಕೋಲು ಕೊಟ್ಟು ಬಾಗಿಲು ನಿಲ್ಲಿಸೋ ಡಕೋಟಾ. ಅದರಲ್ಲಿ ಏನಿದೆ ಅಂತ ಬರ್ತಾರೆ? ನಿನ್ನನ್ನೇ ಕೇಳ್ತಿರೋದು. ಬಾಯಲ್ಲಿ ಏನಿಟ್ಕೊಂಡಿದ್ದೀಯ?"

ಎಂಬತ್ತಣ್ಣ ಅವನ ಮುಖವನ್ನು ಒಮ್ಮೆ ನೆಟ್ಟಗೆ ನೋಡಿದರು. ಅಷ್ಟರಲ್ಲಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಟೈಲರ್ ಅಕ್ಕ ಕಾಣಿಸಿಕೊಂಡರು. ಒಂದು ಕೈಯಲ್ಲಿ ಕಂಬಿ ಹಿಡಿದು, ಮುಂದಿನ ಮೆಟ್ಟಿಲು ಎಲ್ಲಿದೆ ಎಂದು ಕಾಲಿನಿಂದ ತಡಕುತ್ತಿದ್ದಾರೆ.

ಎಂಬತ್ತಣ್ಣ ಯಜಮಾನನ ಪಕ್ಕದಿಂದ ಹಾದು, ಅಕ್ಕನನ್ನು ಹಿಡಿದು ಇಳಿಸಲು ಮೆಟ್ಟಿಲಿನ ಕಡೆ ನಡೆದರು. ಅವಸರವಿಲ್ಲ, ತಡವೂ ಇಲ್ಲ. ಹಿಂದಿನಿಂದ ಅವನು ಇನ್ನೂ ಕೇಳುತ್ತಲೇ ಇದ್ದ.